ಹದಿನೇಳು ಮಿಲಿ ಆಂಪಿಯರಿನ ಬೇಲಿ

ನಮ್ಮದು ಹೊನ್ನಾವರ ತಾಲೂಕಿನ ಘಟ್ಟದ ಬುಡದ ಊರು. ಮಳೆಗಾಲದ ನಾಲ್ಕು ತಿಂಗಳು ನೀರೋ ನೀರು. ಉಳಿದ ಎಂಟು ತಿಂಗಳು ಭೂಮಿ ಒಣ. ಬಾವಿ, ಪಂಪು ಇಲ್ಲದ ನನ್ನಂಥವರು ಮಳೆಗೆ ಮಕ್ಕಿಗದ್ದೆಯಲ್ಲಿ ಭತ್ತ ಮಾಡ್ತೇವೆ. ಭತ್ತ ಕೊಯ್ದ ಮೇಲೆ ಮಣ್ಣಿನಲ್ಲಿ ಉಳಿದ ಪಸೆ ನಂಬಿ ಶೇಂಗಾ, ಉದ್ದು, ಒಂದಿಷ್ಟು ಗೆಣಸು. ವರ್ಷದಲ್ಲಿ ಕೈಗೆ ನಾಲ್ಕು ಕಾಸು ಕಾಣುವುದು ಈ ಶೇಂಗಾದಲ್ಲೇ. ಅದೇ ಶೇಂಗಾ ಕಾಡುಹಂದಿಗೂ ಪ್ರೀತಿ. ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ಬರುತ್ತವೆ. ಒಂದು ಹಿಂಡು ಒಂದು ರಾತ್ರಿ ಹೊಕ್ಕರೆ ಬೆಳಿಗ್ಗೆ ಗದ್ದೆ ಉತ್ತ ಹಾಗೆ ಕಾಣುತ್ತದೆ.

ಮೊದಲು ಮಾಳ ಕಟ್ಟಿ ಕಾಯುತ್ತಿದ್ದೆವು. ಆಗ ಮನೆಯಲ್ಲಿ ಜನ ಇದ್ದರು, ಸರದಿ ನಡೆಯುತ್ತಿತ್ತು. ಈಗ ಗಂಡುಮಕ್ಕಳೆಲ್ಲ ಊರು ಬಿಟ್ಟಿದ್ದಾರೆ. ಐವತ್ತು ದಾಟಿದವನು ಒಬ್ಬನೇ ಎಷ್ಟು ರಾತ್ರಿ ನಿದ್ದೆಗೆಡಲು ಸಾಧ್ಯ? ಹೀಗಾಗಿ ನಾನು 12 ವೋಲ್ಟಿನ ಬ್ಯಾಟರಿ ಮೇಲೆ ನಡೆಯುವ ಒಂದು ಕಾವಲು ತಂತಿ ಮಾಡಿಕೊಂಡೆ. ಅದನ್ನು ಮಾಡುವಾಗ ಕರೆಂಟು ಅಳೆಯುವುದು, ಅದನ್ನು ಬೇಕಾದಷ್ಟಕ್ಕೆ ನಿಲ್ಲಿಸುವುದು ಎರಡನ್ನೂ ಕಲಿಯಬೇಕಾಯ್ತು. ನಾನು ಕಲಿತದ್ದು ಏಳನೇ ಇಯತ್ತೆ. ಹಾಗಾಗಿ ನನಗೆ ಅರ್ಥವಾದದ್ದು ಯಾರಿಗೂ ಅರ್ಥವಾದೀತು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಎತ್ತು ಸತ್ತ ಮೇಲೆ

ಬೇಲಿಗೆ ಮನೆ ಕರೆಂಟು ಕೊಡುವ ಹುಚ್ಚು ಎಲ್ಲಾ ಕಡೆ ಇದೆ. ಅದು ಕಾನೂನಿನಲ್ಲಿ ಅಪರಾಧ ಅಂತ ಎಲ್ಲರಿಗೂ ಗೊತ್ತು, ಆದರೂ ಮಾಡುತ್ತಾರೆ. 2017ರ ಮಳೆಗಾಲದಲ್ಲಿ ನಾನು ಎತ್ತು ಹೊಡೆದುಕೊಂಡು ಬರುತ್ತಿದ್ದೆ. ದಾರಿ ಪಕ್ಕದ ಬೇಲಿಯಲ್ಲಿ ರಾತ್ರಿ ಹಾಕಿದ ತಂತಿಯನ್ನು ಬೆಳಿಗ್ಗೆ ಬಿಚ್ಚಲು ಮರೆತಿದ್ದರು. ಎತ್ತು ಹಸಿರಿಗೆ ಬಾಯಿ ಹಾಕಿತು, ಅಲ್ಲೇ ಬಿತ್ತು. ಹಗ್ಗ ನನ್ನ ಕೈಯಲ್ಲೇ ಇತ್ತು. ಕಂಬಳಿಕೊಪ್ಪೆಯ ಒಳಗೆ ಇದ್ದ ಒಣ ಹಗ್ಗ, ಅದಕ್ಕೇ ನಾನು ಉಳಿದೆ. ಯಾರ ಬೇಲಿ ಅಂತ ಬರೆಯುವುದಿಲ್ಲ. ಅವರೂ ನಮ್ಮ ಹಾಗೇ ಹಂದಿಯಿಂದ ಸೋತವರು.

ಆ ಎತ್ತಿನ ಮುಖ ಇನ್ನೂ ಕಣ್ಣಿಗೆ ಕಟ್ಟುತ್ತದೆ. ಅವತ್ತಿನಿಂದ ನಮ್ಮ ಗದ್ದೆಗೆ ಕಂಬದ ಕರೆಂಟು ಬೇಡ ಎಂದು ನಿಶ್ಚಯ ಮಾಡಿದೆ. ಸೋಲಾರ್ ಬೇಲಿ ಒಳ್ಳೆಯದು. ಅದರ ಪೆಟ್ಟಿಗೆ ಕ್ಷಣಮಾತ್ರದ ಹೊಡೆತ ಕೊಟ್ಟು ಬಿಡುತ್ತದೆ, ಪ್ರಾಣಿ ಹೆದರಿ ಓಡುತ್ತದೆ, ಸಾಯುವುದಿಲ್ಲ. ಆದರೆ ಅದನ್ನು ಕಂಪನಿಯಿಂದಲೇ ಕೊಳ್ಳಬೇಕು, ಮನೆಯಲ್ಲಿ ಮಾಡುವ ವಸ್ತು ಅಲ್ಲ. ನನ್ನ ಹದಿನೈದು-ಇಪ್ಪತ್ತು ಗುಂಟೆ ಶೇಂಗಾಕ್ಕೆ ಅಷ್ಟು ಖರ್ಚು ಹೊಂದುವುದಿಲ್ಲ.

ಕೂಗುವ ತಂತಿ

ಕುಮಟಾದಲ್ಲಿ ನಾನು ಹೋಗುವ ಒಂದು ಮೋಟಾರು ರಿವೈಂಡಿಂಗ್ ಅಂಗಡಿ ಇದೆ. ಅಲ್ಲಿಯ ಮೇಸ್ತ್ರಿಯ ಹತ್ತಿರ ನನ್ನ ಕಷ್ಟ ಹೇಳಿದೆ. ಅವರು ಕೇಳಿದರು: "ತಮಾ, ನಿಂಗೆ ಹಂದಿ ಸಾಯ್ಬೇಕೋ, ಹಂದಿ ಬಂದದ್ದು ಗೊತ್ತಾಗ್ಬೇಕೋ?" ಗೊತ್ತಾದರೆ ಸಾಕು ಅಂದೆ. ಆಗ ಅವರು ಕಾಗದದ ಮೇಲೆ ಒಂದು ಗೀಟು ಎಳೆದು ತೋರಿಸಿದರು.

ವಿಷಯ ಇಷ್ಟೇ. ಬ್ಯಾಟರಿಯ ಪ್ಲಸ್ಸಿನಿಂದ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿ ಹೊರಟು ಗದ್ದೆ ಸುತ್ತಿ ವಾಪಸು ಬರುತ್ತದೆ. ಬಂದು ಒಂದು ರಿಲೇಯ ಸುರುಳಿಯೊಳಗೆ ಹಾದು ಬ್ಯಾಟರಿಯ ಮೈನಸ್ಸಿಗೆ ಸೇರುತ್ತದೆ. ರಿಲೇ ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್ಚು. ಸುರುಳಿಯಲ್ಲಿ ಕರೆಂಟು ಹರಿಯುವಾಗ ಅದು ಅಯಸ್ಕಾಂತವಾಗಿ ಒಳಗಿನ ನಾಲಿಗೆಯನ್ನು ಎಳೆದು ಹಿಡಿಯುತ್ತದೆ. ಹಂದಿ ತಂತಿ ಕಡಿದರೆ ಕರೆಂಟು ನಿಲ್ಲುತ್ತದೆ, ನಾಲಿಗೆ ಹಿಂದೆ ಬೀಳುತ್ತದೆ, ಹಿಂದೆ ಬಿದ್ದಾಗ ಕೂಡುವ ಕಾಂಟಾಕ್ಟಿನಿಂದ ಹೂಟರು ಕೂಗುತ್ತದೆ. ಇದರಲ್ಲಿ ತಂತಿಗೆ ಶಾಕು ಇಲ್ಲ. ಹಂದಿಗೂ ಏನೂ ಆಗುವುದಿಲ್ಲ, ಮಗು ಮುಟ್ಟಿದರೂ ಏನೂ ಆಗುವುದಿಲ್ಲ.

ಸಾಮಾನು ಹೀಗೆ: ಹಳೇ ಯುಪಿಎಸ್ಸಿನಿಂದ ತೆಗೆದ 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ, 10 ವಾಟಿನ ಸೋಲಾರ್ ಪ್ಯಾನೆಲ್ಲು, ಅದಕ್ಕೊಂದು ಚಾರ್ಜ್ ಕಂಟ್ರೋಲರು, 12 ವೋಲ್ಟಿನ ಸಣ್ಣ ರಿಲೇ, ಒಂದು ಹೂಟರು. ರಿಲೇ ಮತ್ತು ಹೂಟರನ್ನು ಭಟ್ಕಳದ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದೆ. ತಂತಿ ಮೇಸ್ತ್ರಿ ಕೊಟ್ಟದ್ದು, ಮೋಟಾರು ಸುತ್ತುವ 36 ಗೇಜಿನ ಎನಾಮಲ್ ತಂತಿ. ಇದರ 400 ಮೀಟರ್ ತೂಗಿದರೆ ನೂರು ಗ್ರಾಂ ಚಿಲ್ಲರೆ, ಅಷ್ಟೇ. ಎನಾಮಲ್ ಬಳಿದಿರುವುದರಿಂದ ಗೂಟಕ್ಕೆ ಹಾಗೆಯೇ ಸುತ್ತಬಹುದು. ನಾಲ್ಕೈದು ಮೀಟರಿಗೆ ಒಂದು ಬಿದಿರಿನ ಗೂಟ, ನೆಲದಿಂದ ಒಂದು ಅಡಿ ಎತ್ತರ. ಮೊಲ, ಮುಂಗುಸಿ ಅಡಿಯಲ್ಲಿ ನುಸುಳಿ ಹೋಗುತ್ತವೆ, ಹಂದಿಯ ಎದೆಗೆ ತಂತಿ ತಾಗುತ್ತದೆ.

2022ರ ಡಿಸೆಂಬರಿನಲ್ಲಿ ನನ್ನ ಗದ್ದೆಗೆ ಹಾಕಿದೆ. ಸುತ್ತಳತೆ 200 ಮೀಟರ್. ಮೂರನೇ ರಾತ್ರಿಯೇ ಕೂಗಿತು. ಎದ್ದು ಬೊಬ್ಬೆ ಹೊಡೆಯುತ್ತ ಹೋದೆ, ಹಿಂಡು ಓಡಿತು. ಆ ಬೆಳೆ ಬಹುಪಾಲು ಕೈಗೆ ಬಂತು. ಒಂದೇ ಒಂದು ತಕರಾರು. ಒಂದು ರಾತ್ರಿ ಹೂಟರು ಎರಡು ಸಲ ಕುಯ್ ಅಂದು ಸುಮ್ಮನಾಯ್ತು. ಸುಳ್ಳು ಕೂಗು ಅಂತ ಮಗ್ಗುಲು ಬದಲಿಸಿದೆ. ಬೆಳಿಗ್ಗೆ ನೋಡಿದರೆ ಒಂದು ಮೂಲೆ ಹೋಗಿದೆ! ಕಡಿದ ತಂತಿಯ ಎರಡು ತುದಿ ಒಂದರ ಮೇಲೊಂದು ಬಿದ್ದು ಮತ್ತೆ ಕೂಡಿಕೊಂಡಿತ್ತು. ಈ ತಕರಾರಿನ ಔಷಧ ಮುಂದೆ ಬರುತ್ತದೆ.

ಎರಡು ಗದ್ದೆ ಸೇರಿಸಿದಾಗ

ಮರುವರ್ಷ ಪಕ್ಕದ ಗದ್ದೆಯ ಗೆಳೆಯ ಬಂದ. ಅವನ ಶೇಂಗಾ ಒಂದು ಸಲ ಹೊಕ್ಕಾಗಿತ್ತು. "ಮಾರಾಯ, ನಿನ್ನ ತಂತಿ ನನ್ನ ಗದ್ದೆಗೂ ಸುತ್ತು. ಆಗದಿದ್ರೆ ಹೇಳು, ನಾನು ಕಂಬದಿಂದ ಎಳೀತೆ" ಎಂದ. ಎರಡೂ ಗದ್ದೆ ಸೇರಿಸಿ ಒಂದೇ ಸುತ್ತು ಹಾಕಿದೆವು. 400 ಮೀಟರ್. ಸಂಜೆ ಬ್ಯಾಟರಿ ಕೊಟ್ಟರೆ ಹೂಟರು ಕೂಗಲು ಹತ್ತಿದ್ದು ನಿಲ್ಲಲೇ ಇಲ್ಲ. ತಂತಿ ಎಲ್ಲೋ ಕಡಿದಿದೆ ಅಂತ ಎರಡು ಸುತ್ತು ನಡೆದೆವು. ಎಲ್ಲಿಯೂ ಕಡಿದಿಲ್ಲ. ಬ್ಯಾಟರಿ ಬದಲಿಸಿದೆವು, ರಿಲೇ ಬದಲಿಸಿದೆವು, ಅದೇ ಕತೆ.

ಗೆಳೆಯ ಸಿಟ್ಟಾಗಿದ್ದ. "ನಾಳೆ ರಾತ್ರಿ ತನಕ ನೋಡ್ತೆ. ಮೇಲೆ ನನ್ನ ದಾರಿ ನಂಗೆ" ಎಂದು ಹೋದ. ಅವನ ಮನೆಯ ಚಿಕ್ಕ ಮಕ್ಕಳು ದಿನವೂ ಆ ಗದ್ದೆ ಅಂಚಿನಲ್ಲೇ ಶಾಲೆಗೆ ಹೋಗುವುದು. ನನಗೆ ಆ ರಾತ್ರಿ ಹಂದಿಗಿಂತ ಅದೇ ಚಿಂತೆ.

ಮೀಟರು ಹಿಡಿಯಲು ಕಲಿತದ್ದು

ಬೆಳಿಗ್ಗೆ ಕುಮಟಾಕ್ಕೆ ಹೋದೆ. ಮೇಸ್ತ್ರಿ ಹೇಳಿದರು, "ಅಂದಾಜಿ ಮೇಲೆ ರಿಪೇರಿ ಆಗೂದಿಲ್ಲ ತಮಾ, ಅಳೆದು ನೋಡು." ಒಂದು ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರು ಕೊಂಡು ಬಂದೆ. ಬಂದವನೇ ಕರೆಂಟು ಎಷ್ಟಿದೆ ನೋಡೋಣ ಎಂದು ಆಂಪಿಯರಿಗೆ ತಿರುಗಿಸಿ ಎರಡು ಕಡ್ಡಿಗಳನ್ನು ಬ್ಯಾಟರಿಯ ಪ್ಲಸ್ಸು ಮೈನಸ್ಸಿಗೆ ಮುಟ್ಟಿಸಿದೆ. ಟಿಕ್ ಅಂತ ಒಳಗಿನ ಫ್ಯೂಸು ಹೋಯ್ತು. ನನಗೆ ಅದು ಗೊತ್ತಾಗಲಿಲ್ಲ. ಆಮೇಲೆ ಎಲ್ಲಿ ಅಳೆದರೂ ಸೊನ್ನೆ!

ಮಗಳು ಆಗ ಹತ್ತನೇ ತರಗತಿ. ಶಾಲೆಯಿಂದ ಬಂದವಳು ನೋಡಿ ನಕ್ಕಳು. "ಅಪ್ಪಾ, ವೋಲ್ಟು ಅಳೆಯುವಾಗ ಮೀಟರು ಪಕ್ಕದಲ್ಲಿ ನಿಂತು ನೋಡುತ್ತೆ. ಕರೆಂಟು ಅಳೆಯುವಾಗ ಅದು ದಾರಿಯ ಒಳಗೇ ನಿಲ್ಲಬೇಕು. ತಂತಿ ಬಿಡಿಸಿ ನಡುವೆ ಸೇರಿಸು" ಎಂದಳು. ಅವಳ ಪುಸ್ತಕದಲ್ಲಿ ಇದಕ್ಕೆ ಸರಣಿ ಜೋಡಣೆ, ಸಮಾಂತರ ಜೋಡಣೆ ಅಂತ ಹೆಸರು.

ನನಗೆ ಅರ್ಥವಾದದ್ದು ಹೀಗೆ. ಆಂಪಿಯರು ಅಳೆಯುವಾಗ ಮೀಟರಿನ ಒಳಗಿನ ರೋಧ ತೀರಾ ಕಡಿಮೆ ಇರುತ್ತದೆ. ಯಾಕೆಂದರೆ ದಾರಿಯಲ್ಲಿ ನಿಂತವನು ದಾರಿಗೆ ಅಡ್ಡ ಆಗಬಾರದು. ಅಂಥಾದ್ದನ್ನು ನೇರ ಬ್ಯಾಟರಿಗೆ ಕೊಟ್ಟರೆ ತಂತಿ ತುಂಡು ಕೊಟ್ಟ ಹಾಗೇ, ಶಾರ್ಟು. 10 ಆಂಪಿಯರಿನ ತೂತಿನಲ್ಲಿ ಕಡ್ಡಿ ಇಟ್ಟು ಹೀಗೆ ಮಾಡಿದರೆ ಇನ್ನೂ ಅಪಾಯ. ಅಗ್ಗದ ಬಹಳ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ, ಕಡ್ಡಿ ಕರಗಿ ಕೈ ಸುಡಬಹುದು. ಆದ್ದರಿಂದ ಕರೆಂಟು ಅಳೆದು ಮುಗಿದ ತಕ್ಷಣ ಮೀಟರನ್ನು ವೋಲ್ಟಿಗೆ ತಿರುಗಿಸಿಡಿ, ಕಡ್ಡಿಯನ್ನೂ ವೋಲ್ಟಿನ ತೂತಿಗೆ ಬದಲಿಸಿಡಿ.

ತಂತಿ ಬಿಡಿಸದೆ ಅಳೆಯುವ ಇಕ್ಕಳದಂಥ ಮೀಟರೂ ಬರುತ್ತದೆ. ಆದರೆ ಕಡಿಮೆ ಬೆಲೆಯವು ಮನೆ ಕರೆಂಟನ್ನು, ಅಂದರೆ ಎಸಿಯನ್ನು ಮಾತ್ರ ತೋರಿಸುತ್ತವೆ. ಬ್ಯಾಟರಿಯ ಡಿಸಿ ಅಳೆಯುತ್ತದೋ ಇಲ್ಲವೋ ಕೇಳಿಯೇ ಕೊಳ್ಳಬೇಕು. ಇನ್ನೊಂದು ಬಡವರ ಉಪಾಯ ಮೇಸ್ತ್ರಿ ಹೇಳಿದ್ದು. ಸಾಲಿನಲ್ಲಿ 1 ಓಮಿನ ಒಂದು ರೆಸಿಸ್ಟರು ಕಾಯಂ ಸೇರಿಸಿಬಿಡಿ. ಅದರ ಎರಡು ತುದಿಗೆ ಮಿಲಿ ವೋಲ್ಟು ಅಳೆದರೆ ಎಷ್ಟು ಮಿಲಿ ವೋಲ್ಟೋ ಅಷ್ಟೇ ಮಿಲಿ ಆಂಪಿಯರು. ತಂತಿ ಬಿಡಿಸುವುದೂ ಬೇಡ, ಫ್ಯೂಸು ಹೋಗುವ ಭಯವೂ ಇಲ್ಲ.

ಭಟ್ಕಳ - ಹೊನ್ನಾವರ - ಕುಮಟಾ

ಹೊಸ ಫ್ಯೂಸು ಹಾಕಿ, ಮಗಳು ಹೇಳಿದ ಹಾಗೆ ಮೀಟರನ್ನು ಸಾಲಿನ ನಡುವೆ ಸೇರಿಸಿದೆ. ಬ್ಯಾಟರಿಯಿಂದ ತಂತಿ ಹೊರಡುವಲ್ಲಿ 19.8 ಮಿಲಿ ಆಂಪಿಯರ್ ತೋರಿಸಿತು. ಗೆಳೆಯನ ಗದ್ದೆಯ ಆಚೆ ಮೂಲೆಗೆ ಮೀಟರು ಒಯ್ದು ಅಲ್ಲಿ ತಂತಿ ಬಿಡಿಸಿ ಸೇರಿಸಿದೆ. ಅಲ್ಲೂ 19.8. ರಿಲೇ ದಾಟಿದ ಮೇಲೆ ಅಳೆದೆ. ಅಲ್ಲಿಯೂ 19.8.

ನನಗೆ ಆಶ್ಚರ್ಯ. ಕರೆಂಟು ಹೋಗ್ತಾ ಹೋಗ್ತಾ ಸವೆಯುತ್ತದೆ, ಕೊನೆಗೆ ರಿಲೇಗೆ ಕಡಿಮೆ ಬೀಳುತ್ತದೆ ಅಂತಲೇ ನಾನು ತಿಳಿದದ್ದು. ನಮ್ಮ ಕಾಲುವೆಯ ನೀರು ಹಾಗೇ ಅಲ್ಲವೇ? ಇಂಗಿ ಇಂಗಿ ತುದಿಗದ್ದೆಗೆ ತಲುಪುವುದೇ ಇಲ್ಲ. ಕರೆಂಟು ಹಾಗಲ್ಲ. ಅದು ನಮ್ಮ ಕೊಂಕಣ ರೈಲಿನ ಹಾಗೆ. ಭಟ್ಕಳ, ಹೊನ್ನಾವರ, ಕುಮಟಾ ಒಂದೇ ಹಳಿಯ ಮೇಲಿವೆ, ನಡುವೆ ಬೇರೆ ಕಡೆಗೆ ಹೋಗುವ ಕವಲು ಹಳಿ ಇಲ್ಲ. ಭಟ್ಕಳ ದಾಟಿ ಬಂದ ಗಾಡಿ ಹೊನ್ನಾವರವನ್ನೂ ದಾಟಬೇಕು, ಕುಮಟಾವನ್ನೂ ದಾಟಬೇಕು. ಮಂಕಿಯ ಹತ್ತಿರ ಹಳಿ ಮೇಲೆ ಮಣ್ಣು ಕುಸಿದರೆ ಮೂರೂ ಸ್ಟೇಷನ್ನಿಗೆ ಗಾಡಿ ನಿಂತಂತೆ. ಸರಣಿ ಅಂದರೆ ಇಷ್ಟೇ. ದಾರಿ ಒಂದೇ ಇದ್ದಾಗ ಕರೆಂಟು ಎಲ್ಲಾ ಕಡೆ ಒಂದೇ. ಎಲ್ಲಿ ಕಡಿದರೂ ಎಲ್ಲಾ ಕಡೆ ನಿಲ್ಲುತ್ತದೆ. ನನ್ನ ಕಾವಲು ನಡೆಯುವುದೇ ಈ ಗುಣದ ಮೇಲೆ.

ಹಾಗಾದರೆ ಹಂಚಿಹೋಗುವುದು ಯಾವುದು? ವೋಲ್ಟು. ಅದನ್ನೂ ಅಳೆದೆ. ಬ್ಯಾಟರಿಯಲ್ಲಿ 12.6. ರಿಲೇಯ ಎರಡು ಕಾಲಿಗೆ ಮೀಟರು ಇಟ್ಟರೆ 7.9. ಉಳಿದ 4.7 ವೋಲ್ಟನ್ನು ಗದ್ದೆ ಸುತ್ತಿದ ತಂತಿಯೇ ತಿಂದಿತ್ತು. ಕೂಡಿಸಿದರೆ ಲೆಕ್ಕ ಸರಿ.

ಕೂಡುವುದು, ಭಾಗಿಸುವುದು ಗೊತ್ತಿದ್ದರೆ ಸಾಕು

ಮಗಳು ಓಮನ ನಿಯಮ ಹೇಳಿಕೊಟ್ಟಳು. ಈ ಓಮ್ ಅನ್ನುವವರು ಜರ್ಮನಿಯ ಒಬ್ಬ ಶಾಲಾ ಮಾಸ್ತರು, ಬೀಗ ಮಾಡುವವನ ಮಗ. 1827ರಲ್ಲಿ ಇದನ್ನು ಪುಸ್ತಕವಾಗಿ ಬರೆದರು. ಸಾಲಿನಲ್ಲಿರುವ ರೋಧಗಳನ್ನೆಲ್ಲ ಕೂಡಿಸಿ, ಅದರಿಂದ ವೋಲ್ಟನ್ನು ಭಾಗಿಸಿ. ಸಿಗುವುದು ಆಂಪಿಯರು. ಅದನ್ನು ಸಾವಿರದಿಂದ ಗುಣಿಸಿದರೆ ಮಿಲಿ ಆಂಪಿಯರು.

ರಿಲೇಯ ಸುರುಳಿ 400 ಓಮ್. 36 ಗೇಜಿನ ತಂತಿ ಮೀಟರಿಗೆ ಸುಮಾರು 0.59 ಓಮ್.

ನನ್ನ ಒಂದೇ ಗದ್ದೆ ಇದ್ದಾಗ ತಂತಿ 200 ಮೀಟರ್, 118 ಓಮ್. ಒಟ್ಟು 518. ಕರೆಂಟು 24.3 ಮಿಲಿ ಆಂಪಿಯರ್.

ಎರಡು ಗದ್ದೆ ಆದಾಗ 400 ಮೀಟರ್, 236 ಓಮ್. ಒಟ್ಟು 636. ಕರೆಂಟು 19.8. ಮೀಟರು ತೋರಿಸಿದ್ದೂ ಅದೇ!

ಇನ್ನು ಗೊತ್ತಾಗಬೇಕಾದದ್ದು ರಿಲೇಗೆ ಎಷ್ಟು ಬೇಕು ಅನ್ನುವುದು. ಅದನ್ನು ತಿಳಿಯಲು ಕರೆಂಟನ್ನು ಕೈಯಾರೆ ಏರಿಸಿ ಇಳಿಸಿ ನೋಡಬೇಕು. ಮೊದಲು ಹಳೇ ರೇಡಿಯೋದ ವಾಲ್ಯೂಮು ತಿರುಗಿಸುವ ಗುಬುಟು ಸಾಲಿನಲ್ಲಿ ಹಾಕಿದೆ. ಅದರೊಳಗೆ ಇರುವುದು ಮಸಿಯ ಪಟ್ಟಿ, ಇಷ್ಟು ಕರೆಂಟು ತಡೆಯದೆ ಹೊಗೆ ಬಂತು. ಆಮೇಲೆ ಮೇಸ್ತ್ರಿಯಿಂದ ತಂತಿ ಸುತ್ತಿದ 5 ಸಾವಿರ ಓಮಿನ ಗುಬುಟು ತಂದೆ. ಬ್ಯಾಟರಿ, ಗುಬುಟು, ಮೀಟರು, ರಿಲೇ ನಾಲ್ಕೂ ಒಂದೇ ಸಾಲಿನಲ್ಲಿ. ನಿಧಾನ ತಿರುಗಿಸುತ್ತ ಕರೆಂಟು ಏರಿಸಿದರೆ 21 ಮಿಲಿ ಆಂಪಿಯರಿಗೆ ರಿಲೇ ಟಕ್ ಅಂತ ಎಳೆಯಿತು. ಈಗ ಇಳಿಸುತ್ತ ಬಂದೆ. 20, 15, 10. ಬಿಡಲಿಲ್ಲ! 6ಕ್ಕೆ ಇಳಿದಾಗ ಬಿಟ್ಟಿತು.

ರೋಗ ಸಿಕ್ಕಿತು. ನನ್ನ ರಿಲೇಗೆ ಎಳೆಯಲು 21 ಬೇಕು, ಸಿಗುತ್ತಿದ್ದುದು 19.8. ಒಂದು ಗದ್ದೆಗೆ ಸಾಕಾದದ್ದು ಎರಡು ಗದ್ದೆಗೆ ಒಂದು ಚೂರಿನಲ್ಲಿ ಸಾಲದೆ ಹೋಗಿತ್ತು. ತಂತಿಯೂ ಸರಿ, ಬ್ಯಾಟರಿಯೂ ಸರಿ. ಅಳೆಯದಿದ್ದರೆ ಇದು ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ನಿಮ್ಮ ರಿಲೇಯ ಅಂಕೆ ಬೇರೆ ಇರಬಹುದು, ನೀವೇ ಅಳೆದುಕೊಳ್ಳಬೇಕು.

ಊನವೇ ಗುಣವಾಯ್ತು

ದಪ್ಪ ತಂತಿ ಹಾಕಿದರೆ ಕರೆಂಟು ಹೆಚ್ಚುತ್ತದೆ. 32 ಗೇಜಿನದಾದರೆ ರೋಧ ಅರ್ಧಕ್ಕೆ ಇಳಿಯುತ್ತದೆ. ಆದರೆ ತಾಮ್ರ ದುಪ್ಪಟ್ಟು, ಅಂದು ಸಂಜೆಯೊಳಗೆ ತರುವುದೂ ಅಸಾಧ್ಯ. ಆಗ ಆ 6ರ ಅಂಕೆ ತಲೆಯಲ್ಲಿ ಸುತ್ತಲು ಹತ್ತಿತು. ಎಳೆಯಲು 21 ಬೇಕು, ಹಿಡಿದುಕೊಳ್ಳಲು 6 ಸಾಕು. ಭಾರದ ಮೂಟೆ ಎತ್ತುವಾಗ ಇನ್ನೊಬ್ಬ ಕೈ ಕೊಡಬೇಕು, ತಲೆ ಮೇಲೆ ಕೂತ ಮೇಲೆ ಒಬ್ಬನೇ ನಡೆಯಬಹುದು. ಹಾಗಿದ್ದರೆ ಎತ್ತುವಾಗ ಮಾತ್ರ ಒಂದು ಕೈ ಕೊಟ್ಟರಾಯ್ತಲ್ಲ!

ಮನೆಯ ಕಾಲಿಂಗ್ ಬೆಲ್ಲಿನ ಒತ್ತುಗುಂಡಿ ಬಿಚ್ಚಿ ತಂದೆ. ತಂತಿ ಗದ್ದೆಗೆ ಹೊರಡುವ ತುದಿ ಮತ್ತು ವಾಪಸು ಬರುವ ತುದಿ, ಇವೆರಡರ ನಡುವೆ ಜೋಡಿಸಿದೆ. ಗುಂಡಿ ಒತ್ತಿದರೆ ಕರೆಂಟು ಗದ್ದೆ ಸುತ್ತದೆ ಅಡ್ಡದಾರಿಯಲ್ಲಿ ನೇರ ರಿಲೇಗೆ ಬರುತ್ತದೆ. 400 ಓಮಿಗೆ 12.6 ವೋಲ್ಟು, 31 ಮಿಲಿ ಆಂಪಿಯರ್ ಚಿಲ್ಲರೆ. ಟಕ್! ಗುಂಡಿ ಬಿಟ್ಟೆ. ಈಗ ಕರೆಂಟು ಗದ್ದೆ ಸುತ್ತಿ 19.8 ಬರುತ್ತದೆ, ರಿಲೇ ಹಿಡಿದುಕೊಂಡೇ ಇತ್ತು. ಹೂಟರು ಸುಮ್ಮನಾಯ್ತು. ಗೆಳೆಯನನ್ನು ಕೂಗಿ ಕರೆದೆ. ತಂತಿ ಕಡಿದು ತೋರಿಸಿದೆ, ಕೂಗಿತು.

ಇಲ್ಲೇ ಇನ್ನೊಂದು ಸಂಗತಿ ಕಂಡಿತು. ಕಡಿದ ತುದಿಗಳನ್ನು ಮತ್ತೆ ಮುಟ್ಟಿಸಿದರೂ ಹೂಟರು ನಿಲ್ಲಲಿಲ್ಲ. ಯಾಕೆಂದರೆ ಗದ್ದೆ ಸುತ್ತಿ ಬರುವ 19.8ಕ್ಕೆ ರಿಲೇಯನ್ನು ಮತ್ತೆ ಎಳೆಯುವ ತಾಕತ್ತು ಇಲ್ಲ. ನಾನೇ ಹೋಗಿ ಗುಂಡಿ ಒತ್ತಿದರೆ ಮಾತ್ರ ನಿಲ್ಲುತ್ತದೆ. ಹಿಂದಿನ ವರ್ಷ ನನ್ನ ಮೂಲೆ ತಿಂದ ತಕರಾರಿಗೆ ಔಷಧ ತಾನಾಗಿ ಸಿಕ್ಕಿತ್ತು. ಹಿಂದಿನ ವರ್ಷ ನನ್ನ ತಂತಿಯಲ್ಲಿ ಹರಿಯುತ್ತಿದ್ದುದು 24.3. ತುದಿ ಮುಟ್ಟಿದ ಕೂಡಲೇ ರಿಲೇ ಎಳೆದು ಸುಮ್ಮನಾಗುತ್ತಿತ್ತು. ಕರೆಂಟು ಹೆಚ್ಚಿದ್ದೇ ತಪ್ಪಾಗಿತ್ತು!

ಆದ್ದರಿಂದ ಈಗ ಬೇಕೆಂದೇ ಕರೆಂಟು ಕಡಿಮೆ ಮಾಡುತ್ತೇನೆ. ಎರಡು ಗದ್ದೆಯ ಸುತ್ತಿಗೆ 100 ಓಮಿನ ಒಂದು ರೆಸಿಸ್ಟರು ಸೇರಿಸಿದೆ. ಒಟ್ಟು 736, ಕರೆಂಟು 17.1. ಬರೀ ನನ್ನ ಗದ್ದೆಗೆ ಹಾಕುವಾಗ 220 ಓಮ್ ಸೇರಿಸುತ್ತೇನೆ. ಒಟ್ಟು 738, ಅದೂ 17.1. ಗುಂಡಿಯ ಅಡ್ಡದಾರಿ ಈ ರೆಸಿಸ್ಟರನ್ನೂ ದಾಟಿ ಹೋಗಬೇಕು, ನೆನಪಿರಲಿ. ಕಾಲು ವಾಟಿನ ಸಣ್ಣ ರೆಸಿಸ್ಟರು ಸಾಕು, ಬಿಸಿಯಾಗುವುದಿಲ್ಲ. 220ಕ್ಕೆ ಕೆಂಪು-ಕೆಂಪು-ಕಂದು ಪಟ್ಟೆ, 100ಕ್ಕೆ ಕಂದು-ಕಪ್ಪು-ಕಂದು. 21ಕ್ಕಿಂತ ಸಾಕಷ್ಟು ಕೆಳಗೆ, 6ಕ್ಕಿಂತ ಸಾಕಷ್ಟು ಮೇಲೆ, ನಡುವೆ 17. ಬ್ಯಾಟರಿ 11.5ಕ್ಕೆ ಇಳಿದರೂ 15.6 ಉಳಿಯುತ್ತದೆ, ರಿಲೇ ಬಿಡುವುದಿಲ್ಲ.

ಕಡಿದ ಜಾಗ ಹುಡುಕುವುದು

ಕೂದಲಿನಂಥ ತಂತಿ ರಾತ್ರಿ ಕಣ್ಣಿಗೆ ಕಾಣುವುದಿಲ್ಲ. ಇದಕ್ಕೂ ಮೀಟರೇ ಸಹಾಯ. ಪ್ರತಿ 50 ಮೀಟರಿಗೆ ಒಂದು ಗೂಟದ ಮೇಲೆ ಎನಾಮಲ್ ಕೆರೆದು, ಬೆಸುಗೆ ಹಾಕಿ, ಒಂದು ಬತ್ತಲೆ ಗಂಟು ಬಿಟ್ಟಿದ್ದೇನೆ. ಹುಡುಕುವಾಗ ಮಾತ್ರ ಬ್ಯಾಟರಿಯ ಮೈನಸ್ಸನ್ನು ಒಂದು ಕಬ್ಬಿಣದ ಸರಳಿನಿಂದ ಹಸಿ ನೆಲಕ್ಕೆ ಕೊಡುತ್ತೇನೆ. ಮೀಟರನ್ನು ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಗೆ ದೊಡ್ಡ ಮೊಳೆ ಕಟ್ಟಿ ಪಸೆಯ ಮಣ್ಣಿಗೆ ಚುಚ್ಚಿ, ಕೆಂಪು ಕಡ್ಡಿಯನ್ನು ಗಂಟಿಗೆ ಮುಟ್ಟಿಸುತ್ತ ಪ್ಲಸ್ಸಿನ ಕಡೆಯಿಂದ ಹೊರಡುವುದು. ಕಡಿದ ಜಾಗದ ತನಕ ಹೆಚ್ಚುಕಡಿಮೆ ಪೂರ್ತಿ 12 ವೋಲ್ಟು. ದಾಟಿದ ಮೇಲಿನ ಗಂಟಿನಲ್ಲಿ ಹೆಚ್ಚುಕಡಿಮೆ ಸೊನ್ನೆ. ಆ ಎರಡು ಗಂಟಿನ ನಡುವೆ ಹುಡುಕಿದರೆ ಸಾಕು.

ಹಬ್ಬದ ಸೀರಿಯಲ್ ಲೈಟು ಆರಿದಾಗಲೂ ಸೂತ್ರ ಇದೇ. ಕರೆಂಟು ಹರಿಯದ ಸಾಲಿನಲ್ಲಿ ವೋಲ್ಟು ಎಲ್ಲಿಯೂ ಹಂಚಿಹೋಗುವುದಿಲ್ಲ, ಪೂರ್ತಿ ವೋಲ್ಟು ಕಡಿದ ಬಿರುಕಿನ ಎರಡು ಬದಿಗೆ ಬಂದು ನಿಲ್ಲುತ್ತದೆ. ಆದರೆ ಅದು ಮನೆ ಕರೆಂಟು. ಬ್ಯಾಟರಿಯಲ್ಲಿ ಕಲಿತೆವೆಂದು ಅದಕ್ಕೆ ಕೈ ಹಾಕಬೇಡಿ.

ಕೆಲವು ಎಚ್ಚರಿಕೆ

12 ವೋಲ್ಟು ಶಾಕು ಕೊಡದಿದ್ದರೂ ಬ್ಯಾಟರಿ ಆಟಿಕೆಯಲ್ಲ. ಪ್ಲಸ್ಸು ಮೈನಸ್ಸು ಸ್ಪ್ಯಾನರಿನಿಂದ ಮುಟ್ಟಿಸಿದರೆ ಕಿಡಿ ಹಾರುತ್ತದೆ, ತಂತಿ ಕೆಂಪಾಗುತ್ತದೆ. ಬ್ಯಾಟರಿಯ ಪ್ಲಸ್ಸಿನ ಬುಡದಲ್ಲೇ ಒಂದು ಫ್ಯೂಸು ಇರಲಿ. ನನ್ನ ಹೂಟರು 0.3 ಆಂಪಿಯರ್ ಎಳೆಯುತ್ತದೆ, ನಾನು 1 ಆಂಪಿಯರಿನ ಫ್ಯೂಸು ಹಾಕಿದ್ದೇನೆ. ಬೈಕಿನ ಹಾರ್ನು ಹಾಕುವುದಾದರೆ ಅದು ಎಷ್ಟು ಎಳೆಯುತ್ತದೆ ಅಳೆದು ಫ್ಯೂಸು ಆರಿಸಿ.

ಇಬ್ಬನಿ ಬಿದ್ದ ರಾತ್ರಿ ಕಡಿದ ತುದಿ ಒದ್ದೆ ನೆಲಕ್ಕೆ ಬಿದ್ದರೆ ನೆಲದ ಮೂಲಕ ಸ್ವಲ್ಪ ಕರೆಂಟು ನುಸುಳುತ್ತದೆ. ನಾನು ಅಳೆದಾಗ 2 ಮಿಲಿ ಆಂಪಿಯರ್ ದಾಟಲಿಲ್ಲ. ಎನಾಮಲ್ ತಂತಿಯಲ್ಲಿ ತುದಿ ಮಾತ್ರ ಬತ್ತಲೆ ಇರುವುದೇ ಕಾರಣ. ಎನಾಮಲ್ ಇಲ್ಲದ ಬರೀ ತಂತಿ ಹಾಕಬೇಡಿ. ಮಳೆಗಾಲದ ಭತ್ತಕ್ಕೆ ನಾನು ಇದನ್ನು ಪ್ರಯತ್ನಿಸಿಲ್ಲ.

ಬ್ಯಾಟರಿ ಖರ್ಚು ನಗಣ್ಯ. 17 ಮಿಲಿ ಆಂಪಿಯರಿನಂತೆ ರಾತ್ರಿಯ 12 ತಾಸಿಗೆ 0.2 ಆಂಪಿಯರ್-ಅವರ್. ಒಂದು ವಾರ ಮೋಡ ಮುಚ್ಚಿದರೂ ಚಿಂತೆಯಿಲ್ಲ.

ಮುಚ್ಚಿಡದೆ ಹೇಳಬೇಕಾದದ್ದು

ಇದು ಬೇಲಿಯಲ್ಲ, ಕಾವಲುಗಾರ. ಹಂದಿಯನ್ನು ಓಡಿಸುವುದು ನಾವೇ. ಹೂಟರು ಕೂಗಿದರೂ ಎದ್ದು ಹೋಗದಿದ್ದರೆ ನಾಲ್ಕಾರು ದಿನದಲ್ಲಿ ಹಂದಿಗೆ ಅದು ಅಭ್ಯಾಸವಾಗುತ್ತದೆ. ನಾಯಿ, ನರಿ, ಬಿಡಾಡಿ ದನವೂ ತಂತಿ ಕಡಿಯುತ್ತವೆ. ಒಂದು ರಾತ್ರಿ ಮೂರು ಸಲ ಎಬ್ಬಿಸಿದ್ದೂ ಇದೆ. ಕಡಿದ ತಂತಿಯನ್ನು ಎನಾಮಲ್ ಕೆರೆದು ಕಟ್ಟುವ ಕೆಲಸ ಪ್ರತಿ ಸಲವೂ ಇದೆ. ಸರಿಯಾಗಿ ಕೆರೆಯದಿದ್ದರೆ ಗಂಟು ಕಂಡರೂ ಕರೆಂಟು ಹರಿಯುವುದಿಲ್ಲ. ದೊಡ್ಡ ತೋಟಕ್ಕೆ ಇದು ಹೇಳಿದ್ದಲ್ಲ. ನನ್ನಂಥ ಗುಂಟೆ ಲೆಕ್ಕದವರಿಗೆ ಆದೀತು.

ಕೊನೆಗೊಂದು ಲೆಕ್ಕ. ನಮ್ಮ ಮೈ ಕೂಡ ಸಾಲಿನಲ್ಲಿ ಸೇರಿದ ಒಂದು ರೋಧವೇ. ಒಣಗಿದ ಎರಡು ಕೈಗೆ ಮೀಟರಿನ ಕಡ್ಡಿ ಹಿಡಿದು ಓಮ್ ನೋಡಿ, ಲಕ್ಷಗಟ್ಟಲೆ ತೋರಿಸೀತು. ಮಳೆಯಲ್ಲಿ ನೆನೆದು, ಕೆಸರಿನಲ್ಲಿ ಬರಿಗಾಲಲ್ಲಿ ನಿಂತವನದು ಸಾವಿರ ಓಮಿನ ಆಸುಪಾಸಿಗೂ ಇಳಿಯಬಹುದು. 230 ವೋಲ್ಟನ್ನು ಸಾವಿರದಿಂದ ಭಾಗಿಸಿ. 230 ಮಿಲಿ ಆಂಪಿಯರ್. ಮನೆಗೆ ಹಾಕುವ ಜೀವರಕ್ಷಕ ಸ್ವಿಚ್ಚು 30 ಮಿಲಿ ಆಂಪಿಯರಿಗೇ ಬಿದ್ದುಹೋಗುತ್ತದೆ, ಅದರಾಚೆ ಎದೆಗೆ ಅಪಾಯ ಅಂತ. ನನ್ನ ಎತ್ತಿಗೆ ಎಷ್ಟು ಹರಿದಿತ್ತು ಎಂದು ಈ ಲೆಕ್ಕ ಕಲಿತ ದಿನ ಅರ್ಥವಾಯ್ತು. ಅದೇ ಲೆಕ್ಕದಲ್ಲಿ ನನ್ನ ತಂತಿ ಹಿಡಿದವನಿಗೆ ಎಷ್ಟು? ರಿಲೇಯ 400 ಓಮೂ ಸಾಲಿನಲ್ಲೇ ಸೇರಿದರೆ ಮೈ ಪೂರಾ ಒದ್ದೆಯಾಗಿದ್ದರೂ 9 ಮಿಲಿ ಆಂಪಿಯರ್. ಕೈ ಒಣಗಿದ್ದರೆ ಒಂದೂ ಇಲ್ಲ.

ಶರಾವತಿಯ ಗೇರುಸೊಪ್ಪೆಯಲ್ಲಿ 240 ಮೆಗಾವಾಟು ಕರೆಂಟು ಮಾಡುತ್ತಾರೆ. ಅದರ ತಂತಿ ನಮ್ಮ ತಲೆ ಮೇಲೇ ಹೋಗುತ್ತದೆ. ನನ್ನ ಶೇಂಗಾ ಉಳಿಸಲು ಬೇಕಾದದ್ದು ಮಾತ್ರ ಹದಿನೇಳು ಮಿಲಿ ಆಂಪಿಯರು. ಗೆಳೆಯ ಕಂಬದಿಂದ ಎಳೆಯಲು ತಂದಿಟ್ಟ ವೈರನ್ನು ಈಗ ಅವನ ಹೆಂಡತಿ ಬಟ್ಟೆ ಒಣಗಿಸಲು ಕಟ್ಟಿದ್ದಾಳೆ. ಸಂಜೆ ಗುಂಡಿ ಒತ್ತುವ ಕೆಲಸ ಅವನ ಮಕ್ಕಳದ್ದು.